ಕಿಸೆಯೊಳಗಿನ ಕಾಯಕಸಾಧನ



ಈ ಅಂಕಣಕ್ಕೆ ವಾಚಕರಿಂದ ಬರುವ ಪತ್ರಗಳಲ್ಲಿ ಬಹುತೇಕವು ಆಚಾರ ವಿಚಾರಗಳಿಗೆ ಸಂಬಂಧಿಸಿದವು. ಲಿಂಗದೀಕ್ಷೆಯನ್ನು ಯಾವ ವಯಸ್ಸಿನಲ್ಲಿ ಕೊಡಿಸಬೇಕು, ಗೃಹಪ್ರವೇಶದ ಕ್ರಮವೇನು, ಮದುವೆಯ ದುಂದುವೆಚ್ಚವನ್ನು ತಪ್ಪಿಸುವ ಬಗೆ ಹೇಗೆ ಎಂಬಿವೇ ಮೊದಲಾದ ಪ್ರಶ್ನೆಗಳಿಗೆ ಯಥಾಮತಿ ಉತ್ತರವನ್ನು ಬರೆಯುತ್ತ ಬಂದಿದ್ದೇವೆ. ಆದರೆ ಕಳೆದ ಶ್ರಾವಣದಲ್ಲಿ ಹುಮನಾಬಾದಿನ ಓರ್ವ ತಾಯಿಯವರು ಬರೆದ ಪತ್ರವು ಇವೆಲ್ಲವುಗಳಿಂದ ಭಿನ್ನವಾಗಿತ್ತು.

ಆ ತಾಯಿಯವರ ಯಜಮಾನರು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದವರು. ನಿವೃತ್ತಿಯ ಬಳಿಕ ಸುತ್ತಲಿನ ಹಳ್ಳಿಗಳಿಗೆ ಹೋಗಿ, ಹಿರಿಯ ಹೆಣ್ಣುಮಕ್ಕಳ ಬಾಯಿಂದ ಬೀಸುವ ಹಾಡು, ಸೋಬಾನೆ ಪದ, ಎಳ್ಳ ಅಮಾವಾಸ್ಯೆಯ ಪದ್ಧತಿ ಮುಂತಾದವನ್ನು ಕೇಳಿ ಬರೆದುಕೊಂಡು, ಮನೆಯ ಗಣಕಯಂತ್ರದಲ್ಲಿ ತಾವೇ ಬೆರಳಚ್ಚು ಮಾಡಿ ಇಡುತ್ತಿದ್ದರಂತೆ. ಅವರು ಲಿಂಗೈಕ್ಯರಾಗಿ ಎರಡು ವರ್ಷಗಳಾದವು. ಯಂತ್ರವು ಮೂಲೆ ಸೇರಿತು. ಮಗಳ ಓದಿಗೆ ಉಪಯೋಗವಾಗಲೆಂದು ಮತ್ತೆ ತೆರೆಯಲು ಹೋದಾಗ ಅದು ಪ್ರಾರಂಭವಾಗಲೇ ಇಲ್ಲ. ನೀಲಿ ಪರದೆಯ ಮೇಲೆ ಏನೋ ನಾಲ್ಕು ಸಾಲು ತೋರಿಸಿ ನಿಂತುಬಿಡುತ್ತಿತ್ತು. ದುರಸ್ತಿ ಅಂಗಡಿಯೊಂದರಲ್ಲಿ ವಿಚಾರಿಸಿದರೆ, ವಿಂಡೋಸನ್ನು ಹೊಸದಾಗಿ ಹಾಕಬೇಕು, ಹಾಗೆ ಹಾಕಿದರೆ ಒಳಗಿರುವುದೆಲ್ಲ ಅಳಿದುಹೋಗುತ್ತದೆ, ಅದಕ್ಕಿಂತ ಹೊಸ ಯಂತ್ರವನ್ನು ಕೊಳ್ಳುವುದೇ ಲೇಸು ಎಂದರಂತೆ. “ಅವರು ಬರೆದಿಟ್ಟುದನ್ನು ಅಳಿಸಲು ಮನಸ್ಸು ಬಾರದು, ಹೊಸದನ್ನು ಕೊಳ್ಳಲು ಶಕ್ತಿಯಿಲ್ಲ. ಏನು ಮಾಡೋಣ?” — ಇದು ಆ ತಾಯಿಯ ಪ್ರಶ್ನೆ.

ನಾವು ಮಠದಲ್ಲಿ ಬೆಳೆದವರು; ವ್ಯಾಕರಣ, ವಚನ, ತಾಳೆಗರಿಗಳಲ್ಲಿ ಆಯುಷ್ಯವನ್ನು ಕಳೆದವರು. ಗಣಕಯಂತ್ರದ ಕುರಿತು ನಮಗೆ ತಿಳಿದದ್ದು ಅತ್ಯಲ್ಪ. ಆದುದರಿಂದ ಬಸವಕಲ್ಯಾಣದ ಪ್ರಸಾದನಿಲಯವೊಂದರಲ್ಲಿದ್ದು ಗಣಕವಿಜ್ಞಾನವನ್ನು ಓದುತ್ತಿರುವ ತರುಣನೊಬ್ಬನನ್ನು ಕರೆದು ಪತ್ರವನ್ನು ತೋರಿಸಿದೆವು. ಅವನು ಓದಿ ಮುಗಿಸಿ, ಕಿಸೆಯಿಂದ ಹೆಬ್ಬೆರಳ ಗಾತ್ರದ ಪೆನ್‌ಡ್ರೈವ್ ಒಂದನ್ನು ತೆಗೆದು ನಮ್ಮ ಮುಂದಿಟ್ಟ. “ಅಳಿಸಬೇಕಾಗಿಲ್ಲ ಗುರುಗಳೇ, ಯಂತ್ರ ನಡೆಸಲು ಬೇಕಾದದ್ದೆಲ್ಲ ಇದರೊಳಗೆ ಇದೆ” ಎಂದ.

ಆ ಮಾತಿನ ಅರ್ಥವನ್ನು ಅವನಿಂದ ಕೇಳಿ ತಿಳಿದುಕೊಂಡೆವು. ವಾಚಕರ ಮನೆಗಳಲ್ಲಿಯೂ ಇಂತಹ ಪ್ರಸಂಗಗಳು ಒದಗಬಹುದಾದ್ದರಿಂದ ಅದನ್ನು ಇಲ್ಲಿ ವಿವರಿಸುತ್ತೇವೆ.

ಗಣಕಯಂತ್ರದ ಗುಂಡಿಯನ್ನು ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ. ಯಂತ್ರದ ಮುಖ್ಯ ಫಲಕದ ಮೇಲಿನ ಒಂದು ಚಿಕ್ಕ ಚಿಪ್ಪಿನಲ್ಲಿ ತಯಾರಕರೇ ಬರೆದಿಟ್ಟ ಸಣ್ಣ ಕ್ರಮವಿಧಿಯೊಂದು ಮೊದಲು ಏಳುತ್ತದೆ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯೋಸ್ ಎಂದೂ ಈಚಿನವುಗಳಲ್ಲಿ ಯುಇಎಫ್‌ಐ ಎಂದೂ ಹೆಸರು. ಅದು ಬಾಗಿಲು ಕಾಯುವ ಆಳಿನಂತೆ. ಯಂತ್ರವನ್ನು ನಡೆಸಬಲ್ಲ ಯಜಮಾನ ಎಲ್ಲಿದ್ದಾನೆಂದು ಗೊತ್ತುಪಡಿಸಿದ ಸರದಿಯಲ್ಲಿ ಹುಡುಕಿ ನೋಡಿ, ಮೊದಲು ಸಿಕ್ಕವನ ಕೈಗೆ ಆಡಳಿತವನ್ನು ಒಪ್ಪಿಸಿಬಿಡುತ್ತದೆ. ಹೀಗೆ ಆಡಳಿತವನ್ನು ವಹಿಸಿಕೊಳ್ಳುವ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯನಿರ್ವಹಣಾ ವ್ಯವಸ್ಥೆ ಎನ್ನುತ್ತಾರೆ. ವಿಂಡೋಸ್ ಅಂತಹದೊಂದು, ಲಿನಕ್ಸ್ ಇನ್ನೊಂದು. ಸಾಮಾನ್ಯವಾಗಿ ಇದು ಯಂತ್ರದೊಳಗಿನ ಹಾರ್ಡ್‌ಡಿಸ್ಕಿನಲ್ಲಿ ನೆಲೆಸಿರುತ್ತದೆ. ಆದರೆ ಅಲ್ಲಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ಸರದಿಯನ್ನು ಬದಲಿಸಿ, ಮೊದಲು ಪೆನ್‌ಡ್ರೈವನ್ನು ನೋಡು ಎಂದು ಆ ಕಾವಲಾಳಿಗೆ ಹೇಳಿದರೆ, ಯಂತ್ರವು ಒಳಗಿನ ಡಿಸ್ಕನ್ನು ಮುಟ್ಟದೆಯೇ ಪೆನ್‌ಡ್ರೈವಿನಲ್ಲಿರುವ ವ್ಯವಸ್ಥೆಯಿಂದ ನಡೆಯತೊಡಗುತ್ತದೆ. ಒಳಗಿನ ವಿಂಡೋಸ್ ಕೆಟ್ಟಿದ್ದರೂ, ಡಿಸ್ಕನ್ನೇ ತೆಗೆದಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಯಂತ್ರದ ಉಳಿದ ಅಂಗಗಳು ಮಾತ್ರ ಸರಿಯಾಗಿರಬೇಕು.

ಇಂತಹ ವ್ಯವಸ್ಥೆಯು ಕೆಲಸ ಮಾಡುವ ರೀತಿಯೂ ತಿಳಿಯತಕ್ಕದ್ದು. ಪೆನ್‌ಡ್ರೈವಿನಲ್ಲಿರುವ ಮೂಲವು ಒತ್ತಿ ಕಿರಿದುಗೊಳಿಸಿದ, ಬದಲಿಸಲಾಗದ ಒಂದೇ ದೊಡ್ಡ ಕಡತ. ಯಂತ್ರವು ಅದನ್ನು ಓದುತ್ತ ಹೋಗುತ್ತದೆ. ಬರೆಯಬೇಕಾದುದನ್ನೆಲ್ಲ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಬರೆಯುತ್ತದೆ. ನಾವು ಶಾಲೆಯಲ್ಲಿ ಬಳಸುತ್ತಿದ್ದ ಪಾಟಿಯನ್ನು ನೆನೆಯಿರಿ. ರ‍್ಯಾಮ್ ಆ ಪಾಟಿಯಂತೆ. ವಿದ್ಯುತ್ತು ನಿಂತೊಡನೆ ಒರೆಸಿಹೋಗುತ್ತದೆ. ಆದ್ದರಿಂದ ಪೆನ್‌ಡ್ರೈವನ್ನು ಕಿತ್ತುಕೊಂಡು ಹೋದ ಮೇಲೆ ಆ ಯಂತ್ರದಲ್ಲಿ ನಮ್ಮ ಸುಳಿವು ಉಳಿಯುವುದಿಲ್ಲ. ಬರೆದುದು ಉಳಿಯಬೇಕಾದರೆ ಪೆನ್‌ಡ್ರೈವಿನಲ್ಲಿಯೇ ಒಂದು ಭಾಗವನ್ನು ಪ್ರತ್ಯೇಕಿಸಿ ನೋಟುಬುಕ್ಕಿನಂತೆ ಇಟ್ಟುಕೊಳ್ಳಬೇಕು. ತಾಂತ್ರಿಕರು ಇದನ್ನು ಪರ್ಸಿಸ್ಟೆನ್ಸ್ ಎನ್ನುತ್ತಾರೆ, ನಾವು ಸ್ಥಿರಭಾಗವೆನ್ನೋಣ.

ಅದಾದ ಎರಡು ದಿನಗಳಿಗೆ ನಾವಿಬ್ಬರೂ ಬಸ್ಸು ಹಿಡಿದು ಸಸ್ತಾಪುರದ ಮಾರ್ಗವಾಗಿ ಹುಮನಾಬಾದಿಗೆ ಹೋದೆವು. ವೀರಭದ್ರೇಶ್ವರನ ದರ್ಶನವನ್ನು ಮುಗಿಸಿ ಆ ತಾಯಿಯವರ ಮನೆಗೆ ಹೋದಾಗ ಮಗಳು ಯಂತ್ರವನ್ನು ಒರೆಸಿ ಸಿದ್ಧವಾಗಿಟ್ಟಿದ್ದಳು. ತರುಣನು ಮೊದಲು ಕೇಳಿದ್ದು ಅನುಮತಿಯನ್ನು. “ಈ ಪೆನ್‌ಡ್ರೈವಿನಿಂದ ನಡೆಸಿದರೆ ವಿಂಡೋಸಿನ ಗುಪ್ತಸಂಖ್ಯೆ ಬೇಕಾಗುವುದಿಲ್ಲ, ಒಳಗಿನ ಕಡತಗಳೆಲ್ಲ ಕಾಣುತ್ತವೆ. ನೋಡಬಹುದೇ?” ಎಂದ. ತಾಯಿಯವರು ಒಪ್ಪಿದರು. ಈ ಪ್ರಶ್ನೆ ಚಿಕ್ಕದೆಂದು ತೋರಬಹುದು, ಚಿಕ್ಕದಲ್ಲ. ಡಿಸ್ಕಿಗೆ ಗೂಢಲಿಪಿಯ ಬೀಗವನ್ನು ಹಾಕಿರದಿದ್ದರೆ ಯಾರ ಯಂತ್ರವನ್ನಾದರೂ ಹೀಗೆ ತೆರೆದು ನೋಡಲು ಸಾಧ್ಯ. ಪರರ ಕಪಾಟಿಗೆ ಬೀಗವಿಲ್ಲವೆಂಬುದು ಅದನ್ನು ತೆರೆಯಲು ಅಪ್ಪಣೆಯಲ್ಲ.

ಯಂತ್ರ ಏಳುತ್ತಲೇ ಎಫ್ 12 ಎಂಬ ಕೀಲಿಯನ್ನು ಒತ್ತಿ, ಬಂದ ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಿದ. ಎರಡು ಮೂರು ನಿಮಿಷಗಳಲ್ಲಿ ಪರದೆ ಬೆಳಗಿತು. ಎರಡು ವರ್ಷ ಕುರುಡಾಗಿದ್ದ ಯಂತ್ರ ಕಣ್ಣು ತೆರೆದುದನ್ನು ಕಂಡು ತಾಯಿಯವರು ಕೈಮುಗಿದರು. ಆದರೆ ಕೆಲಸ ಮುಗಿದಿರಲಿಲ್ಲ. ಹಾರ್ಡ್‌ಡಿಸ್ಕಿನಲ್ಲಿ ಕೆಲವೆಡೆ ದೋಷವಿರುವುದು ಕಂಡುಬಂದಿತು. ಡಿಸ್ಕು ಹೀಗಿರುವಾಗ ದುರಸ್ತಿಗೆ ಕೈಹಾಕಬಾರದು, ಮತ್ತೆ ಮತ್ತೆ ವಿಂಡೋಸನ್ನು ಎಬ್ಬಿಸಲು ಯತ್ನಿಸಲೂಬಾರದು. ಮೊದಲು ಪ್ರತಿ, ಅನಂತರ ಚಿಕಿತ್ಸೆ ಎಂದು ತರುಣನ ಅಭಿಪ್ರಾಯ. ಡಿಸ್ಕನ್ನು ಓದಲು ಮಾತ್ರ ತೆರೆದು, ಏನನ್ನೂ ಬರೆಯದಂತೆ ಕಟ್ಟುಮಾಡಿ, ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡತೊಡಗಿದ. ಮಧ್ಯಾಹ್ನದ ಪ್ರಸಾದದ ಹೊತ್ತಿಗೆ ಬಹುಪಾಲು ಬಂದಿತು. ಒಂದು ಕಡತಕೋಶ ಮಾತ್ರ ಓದಲಾಗದೆ ಹೋಯಿತು. ಅದರ ಹೆಸರು ‘ಎಳ್ಳ ಅಮಾವಾಸ್ಯೆ’ ಎಂದಿತ್ತು.

ಬಂದ ಕಡತಗಳನ್ನು ತೆರೆದಾಗ ಇನ್ನೊಂದು ವಿಘ್ನ ಎದುರಾಯಿತು. ಕನ್ನಡವೇ ಇಲ್ಲ! ಪರದೆಯ ತುಂಬ ಟೊಪ್ಪಿಗೆ, ಬಾಲ, ಚುಕ್ಕೆಗಳಿರುವ ಪರದೇಶದ ಅಕ್ಷರಗಳು. ಮಗಳ ಮುಖ ಬಾಡಿತು. ಆದರೆ ಇದು ಹಾನಿಯಲ್ಲ, ಲಿಪಿಯ ಸಂಕೇತಭೇದ. ಹಿಂದಿನ ದಿನಗಳಲ್ಲಿ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚಿಸಿದಾಗ ಯಂತ್ರವು ಒಳಗೆ ಇಟ್ಟುಕೊಳ್ಳುತ್ತಿದ್ದುದು ಲ್ಯಾಟಿನ್ ಲಿಪಿಯ ಸಂಕೇತಗಳನ್ನು. ಆಯಾ ತಂತ್ರಾಂಶದ ಅಕ್ಷರವಿನ್ಯಾಸವು ಅವುಗಳಿಗೆ ಕನ್ನಡದ ಉಡುಪನ್ನು ತೊಡಿಸುತ್ತಿತ್ತು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಉಡುಪು ಕಳಚಿ ಮೂಲಸಂಕೇತಗಳು ಕಾಣುತ್ತವೆ. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಎಂಬ ಶಿಷ್ಟತೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದೆ. ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ತರುಣನು ಒಂದು ಪುಟವನ್ನು ಪರಿವರ್ತಿಸಿದಾಗ ಸೋಬಾನೆಯ ಪದವೊಂದು ಅಚ್ಚಗನ್ನಡದಲ್ಲಿ ಮೂಡಿತು. ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ದೋಷ ಉಳಿದಿತ್ತು. ಅದನ್ನು ಮನುಷ್ಯರೇ ಓದಿ ತಿದ್ದಬೇಕು. ಮಗಳು ಆ ಕೆಲಸವನ್ನು ವಹಿಸಿಕೊಂಡಳು.

ನಕಲಾದ ಕಡತಕೋಶಗಳಲ್ಲಿ ಒಂದಕ್ಕೆ ತಾಯಿಯವರ ಹೆಸರಿತ್ತು. ತರುಣನು ಅದನ್ನು ತೆರೆಯಲಿಲ್ಲ. “ಇದು ನಿಮ್ಮದಮ್ಮ, ನೀವೇ ನೋಡಿಕೊಳ್ಳಿರಿ” ಎಂದು ತೋರಿಸಿ ಎದ್ದು ಹೊರಗೆ ಬಂದ. ಅದರಲ್ಲಿ ಏನಿತ್ತೆಂದು ನಾವೂ ಕೇಳಲಿಲ್ಲ. ಅಂದು ಆ ಹುಡುಗನ ವಿದ್ಯೆಗಿಂತ ಅವನ ಸಂಸ್ಕಾರವೇ ನಮಗೆ ಹೆಚ್ಚು ಸಂತೋಷವನ್ನು ಕೊಟ್ಟಿತು.

ಹಿಂತಿರುಗುವಾಗ ಬಸ್ಸಿನಲ್ಲಿ ಅವನು ನಗುತ್ತ, “ಯಂತ್ರದಲ್ಲಿ ನೆಟ್ಟ ವಿಂಡೋಸ್ ಸ್ಥಾವರ, ಕಿಸೆಯಲ್ಲಿ ಸಂಚರಿಸುವ ಇದು ಜಂಗಮ, ಅಲ್ಲವೇ ಗುರುಗಳೇ?” ಎಂದ. ಮಾತು ಚಮತ್ಕಾರವಾಗಿದ್ದರೂ ನಾವು ಒಪ್ಪಲಿಲ್ಲ. ಜಂಗಮವೆಂಬುದು ಚೈತನ್ಯವಾಚಕ, ಹೆಬ್ಬೆರಳ ಗಾತ್ರದ ಜಡವಸ್ತುವಿಗೆ ಆ ಪದವನ್ನು ಹಚ್ಚಿ ಅಗ್ಗಮಾಡಬಾರದು. ಇಷ್ಟಲಿಂಗಕ್ಕೆ ಇದನ್ನು ಹೋಲಿಸುವವರೂ ಇದ್ದಾರೆಂದು ಕೇಳಿದ್ದೇವೆ. ಅದಂತೂ ತೀರ ಸಲ್ಲದು. ಇದು ಸಾಧನ, ಸಾಧ್ಯವಲ್ಲ. ಅಕ್ಕಸಾಲಿಗನ ಚಿಮಟದಂತೆ, ನೇಕಾರನ ಲಾಳಿಯಂತೆ ಇದೊಂದು ಕಾಯಕಸಾಧನ. ಇಷ್ಟು ಹೇಳಿದರೆ ಸಾಕು, ಅದರ ಮರ್ಯಾದೆ ಅದಕ್ಕೆ ಸಂದಿತು.

ಈ ಸಾಧನಕ್ಕೆ ಬೆಲೆಯೆಷ್ಟೆಂದು ವಾಚಕರು ಕೇಳುವುದು ಸಹಜ. ಪೆನ್‌ಡ್ರೈವಿನ ಬೆಲೆಯಷ್ಟೆ, ವ್ಯವಸ್ಥೆಗೆ ಬೆಲೆಯಿಲ್ಲ. ಇದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ತಂತ್ರಾಂಶವನ್ನು ಯಾರಾದರೂ ಬಳಸುವ, ಪರಿಶೀಲಿಸುವ, ತಿದ್ದುವ, ಹಂಚುವ ಸ್ವಾತಂತ್ರ್ಯವಿರಬೇಕೆಂದು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದು ಲೋಕಕ್ಕೆ ಕೊಟ್ಟರು. ಇವೆರಡರ ಕೂಡಿಕೆಯಿಂದ ಹುಟ್ಟಿದ ವ್ಯವಸ್ಥೆಯನ್ನು, ಯಂತ್ರದಲ್ಲಿ ಸ್ಥಾಪಿಸದೆಯೇ ಸಿ.ಡಿ.ಯಿಂದ ನೇರವಾಗಿ ನಡೆಸುವಂತೆ ಅಳವಡಿಸಿ, ಜರ್ಮನಿಯ ಕ್ಲಾಸ್ ಕ್ನೋಪರ್ ಎಂಬ ತಂತ್ರಜ್ಞರು 2000ದಲ್ಲಿ ಕ್ನೋಪಿಕ್ಸ್ ಎಂಬ ಹೆಸರಿನಿಂದ ಹೊರತಂದರು. ಅದೇ ವರ್ಷದಲ್ಲಿಯೇ ಪೆನ್‌ಡ್ರೈವುಗಳು ಮಾರುಕಟ್ಟೆಗೆ ಬಂದವು. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುವೋಕಾ ಎಂಬ ವಿಜ್ಞಾನಿಯು 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಸ್ಮೃತಿಯೇ ಅವುಗಳ ಜೀವಾಳ. ಸಿ.ಡಿ.ಯ ಮೇಲೆ ಮತ್ತೆ ಬರೆಯಲಾಗದಿದ್ದ ಕೊರತೆ ಪೆನ್‌ಡ್ರೈವಿನಿಂದ ನೀಗಿತು. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಎಂಬವರು ಆರಂಭಿಸಿದ ಪಪ್ಪಿ ಲಿನಕ್ಸ್ ಎಷ್ಟು ಹಗುರವೆಂದರೆ, ತಾನು ಪೂರ್ತಿಯಾಗಿ ರ‍್ಯಾಮಿನೊಳಗೆ ಹೋಗಿ ಕುಳಿತು ತೀರ ಹಳೆಯ ಯಂತ್ರವನ್ನೂ ನಡೆಸುತ್ತದೆ. ವಿಂಡೋಸಿನವರೂ 2012ರಲ್ಲಿ ವಿಂಡೋಸ್ ಟು ಗೋ ಎಂಬ ಇಂತಹದೇ ಸೌಲಭ್ಯವನ್ನು ದೊಡ್ಡ ಸಂಸ್ಥೆಗಳಿಗಾಗಿ ತಂದು, 2020ರಲ್ಲಿ ಕೈಬಿಟ್ಟರು.

2004ರಲ್ಲಿ ಆರಂಭವಾದ ಉಬುಂಟು ಎಂಬ ಲಿನಕ್ಸಿನ ಹೆಸರು ದಕ್ಷಿಣ ಆಫ್ರಿಕದ ಜನರ ನುಡಿಯಿಂದ ಬಂದದ್ದು. ಇತರರೊಡನೆ ಹಂಚಿಕೊಂಡು ಬಾಳುವ ಮಾನವೀಯತೆ ಎಂಬುದು ಅದರ ಭಾವ. ಅದರ ಪ್ರವರ್ತಕರು 2011ರ ವರೆಗೆ, ಕೇಳಿದವರಿಗೆಲ್ಲ ಅಂಚೆವೆಚ್ಚವನ್ನೂ ತಾವೇ ಭರಿಸಿ ಸಿ.ಡಿ.ಗಳನ್ನು ಜಗತ್ತಿನಾದ್ಯಂತ ಕಳುಹಿಸುತ್ತಿದ್ದರು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಬಾಸ್ ಎಂಬ ಲಿನಕ್ಸನ್ನು ಭಾರತೀಯ ಭಾಷೆಗಳ ಸೌಕರ್ಯದೊಡನೆ ಹೊರತಂದಿತು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಸರ್ಕಾರಿ ಶಾಲೆಗಳ ಯಂತ್ರಗಳಿಗೆಲ್ಲ ಲಿನಕ್ಸನ್ನೇ ಒದಗಿಸಿತು. 2017ರಿಂದ ಕೈಟ್ ಎಂಬ ಸಂಸ್ಥೆಯು ಅದನ್ನು ಮುಂದುವರಿಸಿದೆ. ಆದುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಇಂತಹ ವ್ಯವಸ್ಥೆಯಲ್ಲಿಯೇ ಗಣಕಪಾಠವನ್ನು ಕಲಿಯುತ್ತಿದ್ದಾರೆ. ಗಡಿಯಾಚೆಯ ನಮ್ಮ ಮಕ್ಕಳಿಗೆ ಸಾಧ್ಯವಾದುದು ಕಲ್ಯಾಣದ ನೆಲದ ಮಕ್ಕಳಿಗೇಕೆ ಸಾಧ್ಯವಾಗದು? ಸಾವಿರಾರು ಜನರು ತಮ್ಮ ಕಾಯಕದ ಫಲವನ್ನು ಹೀಗೆ ಸಮಾಜಕ್ಕೆ ಅರ್ಪಿಸುತ್ತಿರುವುದನ್ನು ಕಂಡಾಗ, ದಾಸೋಹವೆಂಬ ಶಬ್ದವನ್ನು ಅರಿಯದವರಲ್ಲಿಯೂ ದಾಸೋಹಭಾವವು ಇರಬಲ್ಲುದೆಂದು ನಮಗೆ ಅನಿಸುತ್ತದೆ.

ಇನ್ನು ಇದನ್ನು ಸಿದ್ಧಪಡಿಸುವ ಕ್ರಮ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೆ ಈ ಭಾಗವನ್ನು ಓದಿ ಹೇಳಿರಿ.

ಒಂದು: 16 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಒಳ್ಳೆಯ ಪೆನ್‌ಡ್ರೈವನ್ನು ತೆಗೆದುಕೊಳ್ಳಬೇಕು. ಯುಎಸ್‌ಬಿ 3.0 ಎಂದಿರುವುದು ಲೇಸು, ಹಳೆಯ 2.0ರಲ್ಲಿ ಕೆಲಸ ನಡೆಯುತ್ತದೆ, ಆದರೆ ಬಹಳ ನಿಧಾನ. ಸಿದ್ಧಪಡಿಸುವಾಗ ಅದರಲ್ಲಿ ಮೊದಲಿದ್ದುದೆಲ್ಲ ಅಳಿದುಹೋಗುತ್ತದೆ. ಆದುದರಿಂದ ಮದುವೆಯ ಛಾಯಾಚಿತ್ರಗಳಿರುವ ಪೆನ್‌ಡ್ರೈವನ್ನು ಇದಕ್ಕೆ ಬಳಸಬೇಡಿರಿ.

ಎರಡು: ಉಬುಂಟು, ಲಿನಕ್ಸ್ ಮಿಂಟ್, ಪಪ್ಪಿ ಮುಂತಾದವುಗಳಲ್ಲಿ ಒಂದನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ಕಡತವು ಮಾರ್ಗದಲ್ಲಿ ಕೆಟ್ಟಿಲ್ಲವೆಂಬುದನ್ನು ತಿಳಿಯಲು ಶಾ-256 ಎಂಬ ಅಂಕಮುದ್ರೆಯನ್ನು ಅಲ್ಲಿ ಕೊಟ್ಟಿರುತ್ತಾರೆ, ತಾಳೆ ನೋಡಬೇಕು. ಯಂತ್ರದಲ್ಲಿ 4 ಜಿಬಿ ರ‍್ಯಾಮ್ ಇದ್ದರೆ ಮಿಂಟ್ ನಡೆಯುತ್ತದೆ. ಅದಕ್ಕಿಂತ ಕಡಮೆಯಿದ್ದರೆ ಪಪ್ಪಿಯಂತಹ ಹಗುರವಾದುದು ಸೂಕ್ತ.

ಮೂರು: ಇಳಿಸಿಕೊಂಡ ಕಡತವನ್ನು ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಯಂತ್ರ ಏಳುವುದಿಲ್ಲ. ರೂಫಸ್, ಬಲೇನಾ ಎಚರ್, ವೆಂಟಾಯ್ ಎಂಬ ಉಚಿತ ಸಾಧನಗಳಲ್ಲಿ ಒಂದರ ಮೂಲಕ ಬರೆಯಬೇಕು. ರೂಫಸ್‌ನಲ್ಲಿ ಉಬುಂಟುವಿನಂತಹವನ್ನು ಬರೆಯುವಾಗ ಸ್ಥಿರಭಾಗಕ್ಕೆ ಎಷ್ಟು ಸ್ಥಳವೆಂದು ಸೂಚಿಸಲು ಅವಕಾಶವುಂಟು.

ನಾಲ್ಕು: ಯಂತ್ರವನ್ನು ತೆರೆಯುವಾಗ ಎಫ್ 12, ಎಫ್ 9, ಎಸ್ಕೇಪ್ ಇವುಗಳಲ್ಲಿ ಆಯಾ ತಯಾರಕರು ಗೊತ್ತುಪಡಿಸಿದ ಕೀಲಿಯನ್ನು ಒತ್ತಿ ಪೆನ್‌ಡ್ರೈವನ್ನು ಆರಿಸಬೇಕು. ಮುಂದೆ ‘ಪ್ರಯತ್ನಿಸಿ ನೋಡು’ ಮತ್ತು ‘ಸ್ಥಾಪಿಸು’ ಎಂಬ ಅರ್ಥದ ಎರಡು ಆಯ್ಕೆಗಳು ಬರಬಹುದು. ಮೊದಲನೆಯದನ್ನೇ ಆರಿಸಬೇಕು. ಎರಡನೆಯದನ್ನು ಒತ್ತಿ ಮುಂದುವರಿದರೆ ಒಳಗಿನ ಡಿಸ್ಕು ಅಳಿಯುವ ಸಂಭವವುಂಟು.

ಐದು: ಕನ್ನಡಕ್ಕೆ ಕೊರತೆಯಿಲ್ಲ. ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಿಕೊಂಡರಾಯಿತು. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಕಗಪ ಎಂಬ ವಿನ್ಯಾಸವೂ ಅದರಲ್ಲಿ ದೊರೆಯುತ್ತದೆ. ಪತ್ರ, ಲೆಕ್ಕಪತ್ರಗಳಿಗೆ ಲಿಬ್ರೆ ಆಫೀಸ್ ಇದೆ.

ಗುಣಗಳನ್ನು ಹೇಳಿದ ಮೇಲೆ ಮಿತಿಗಳನ್ನೂ ಹೇಳಬೇಕು. ಇಲ್ಲವಾದರೆ ಅದು ಜಾಹೀರಾತಾದೀತು. ಕೆಲವು ಯಂತ್ರಗಳಲ್ಲಿ ವೈಫೈ, ಮುದ್ರಣಯಂತ್ರಗಳು ಒಡನೆಯೇ ಕೆಲಸ ಮಾಡುವುದಿಲ್ಲ. 2020ರಿಂದ ಈಚೆಗೆ ಆಪಲ್‌ನವರು ತಮ್ಮದೇ ಚಿಪ್ಪಿನಿಂದ ತಯಾರಿಸುತ್ತಿರುವ ಮ್ಯಾಕ್ ಯಂತ್ರಗಳಲ್ಲಿ ಈ ಉಪಾಯ ಸಾಗದು. ಹೊಸ ವಿಂಡೋಸ್ ಯಂತ್ರಗಳ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗವಿರುತ್ತದೆ. ಪ್ರಾರಂಭದ ಏರ್ಪಾಡುಗಳನ್ನು ಬದಲಿಸಿದರೆ ಅದು ಉದ್ದನೆಯ ಪುನಃಪ್ರಾಪ್ತಿ ಸಂಖ್ಯೆಯನ್ನು ಕೇಳಬಹುದು. ಆ ಸಂಖ್ಯೆ ಕೈಯಲ್ಲಿಲ್ಲದೆ ಇದಕ್ಕೆ ತೊಡಗಬಾರದು. ವಿಂಡೋಸಿನ ವೈರಸ್ಸುಗಳು ಸಾಮಾನ್ಯವಾಗಿ ಲಿನಕ್ಸಿನಲ್ಲಿ ಬೇರೂರವು, ನಿಜ. ಆದರೆ ಮೋಸದ ಕರೆಗೆ ಮರುಳಾಗಿ ನಾವೇ ಗುಪ್ತಸಂಖ್ಯೆಯನ್ನು ಹೇಳಿಬಿಟ್ಟರೆ ಯಾವ ವ್ಯವಸ್ಥೆಯೂ ಕಾಯದು. ಸೈಬರ್ ಅಂಗಡಿಗಳಲ್ಲಿ ಮಾಲೀಕರ ಒಪ್ಪಿಗೆಯಿಲ್ಲದೆ ಇದನ್ನು ಬಳಸಬಾರದು. ಹಾರ್ಡ್‌ಡಿಸ್ಕು ಕಟಕಟ ಶಬ್ದ ಮಾಡುತ್ತಿದ್ದರೆ ಒಡನೆಯೇ ಆರಿಸಿ ತಜ್ಞರಿಗೆ ಒಪ್ಪಿಸಬೇಕು. ಮನೆಯ ಪ್ರಯೋಗಗಳು ಅಲ್ಲಿ ಸಲ್ಲವು.

ವಿಂಡೋಸ್ 10ಕ್ಕೆ ಅದರ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ಅದಕ್ಕಿಂತ ಹೊಸದನ್ನು ಹೊರಲಾರದ ಯಂತ್ರಗಳು ಎಷ್ಟೋ ಮನೆಗಳಲ್ಲಿ, ಶಾಲೆಗಳಲ್ಲಿ, ಮಠಗಳ ಕಛೇರಿಗಳಲ್ಲಿ ಇವೆ. ಅವುಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಹೀಗೆ ನಡೆಸಿ ನೋಡುವುದು ವಿವೇಕ. ಹುಮನಾಬಾದಿನ ಆ ಯಂತ್ರವು ಇಂದಿಗೂ ಪೆನ್‌ಡ್ರೈವಿನಿಂದಲೇ ನಡೆಯುತ್ತಿದೆ. ಮಗಳು ವಾರದ ಐದು ದಿನ ಬಸವಕಲ್ಯಾಣದ ವಸತಿನಿಲಯದಲ್ಲಿದ್ದು, ಅಲ್ಲಿಯ ಹಳೆಯ ಯಂತ್ರಕ್ಕೆ ಅದೇ ಪೆನ್‌ಡ್ರೈವನ್ನು ಹಚ್ಚಿ ಪಾಠ ಬರೆಯುತ್ತಾಳೆ. ಶನಿವಾರ ಊರಿಗೆ ಬಂದು, ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸುತ್ತಾಳೆ. ಇಂತಹ ಯಂತ್ರಗಳಿರುವ ಪ್ರಸಾದನಿಲಯಗಳವರು ಈ ಉಪಾಯವನ್ನು ಪರಿಶೀಲಿಸಬೇಕೆಂದು ನಮ್ಮ ವಿನಂತಿ.

ಕೊನೆಯದಾಗಿ, ಮುಖ್ಯವಾದ ಮಾತೊಂದನ್ನು ಹೇಳಬೇಕಾಗಿದೆ. ಪೆನ್‌ಡ್ರೈವು ಚಿಕ್ಕದು; ಕಳೆದುಹೋಗುತ್ತದೆ. ಫ್ಲ್ಯಾಶ್ ಸ್ಮೃತಿಯು ಇಂತಿಷ್ಟೇ ಬಾರಿ ಬರೆಸಿಕೊಳ್ಳಬಲ್ಲದು. ವರ್ಷಗಟ್ಟಲೆ ಸುಮ್ಮನೆ ಇಟ್ಟರೆ ಅದರೊಳಗಿನ ವಿದ್ಯುದಂಶವು ಸೋರಿ ಬರೆದುದು ಮಾಸಲೂಬಹುದು. ಬರೆಯುತ್ತಿರುವಾಗ ವಿದ್ಯುತ್ತು ಹೋದರೆ, ಅಥವಾ ಅವಸರದಿಂದ ಕಿತ್ತರೆ, ಸ್ಥಿರಭಾಗವೇ ಕೆಡಬಹುದು. ಆ ಭಾಗಕ್ಕೆ ಗೂಢಲಿಪಿಯ ಬೀಗವಿಲ್ಲದಿದ್ದರೆ ಸಿಕ್ಕವರೆಲ್ಲ ಓದಬಹುದು. ಆದುದರಿಂದ ಕಿಸೆಯಲ್ಲಿರುವುದು ಕೆಲಸದ ಪ್ರತಿಯೇ ಹೊರತು ಕಾಪಿಟ್ಟ ಪ್ರತಿಯಲ್ಲ. ಕಾಪಿಡಬೇಕಾದರೆ ಬೇರೆ ಬೇರೆ ಸ್ಥಳಗಳಲ್ಲಿ ಪ್ರತಿಗಳಿರಬೇಕು.

ಇದನ್ನು ನಮಗೆ ಕಲಿಸಿದ್ದು ಗಣಕಶಾಸ್ತ್ರವಲ್ಲ, ನಮ್ಮದೇ ಇತಿಹಾಸ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ವಿಪ್ಲವವಾದಾಗ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬುದು ಪರಂಪರೆಯ ನಂಬಿಕೆ. ಹೊತ್ತು ನಡೆದುದರಿಂದ ಅವು ಅಂದು ಪಾರಾದವು. ಆದರೆ ಮುಂದಿನ ಶತಮಾನಗಳಲ್ಲಿ ಉಳಿದದ್ದು ಹೊತ್ತುದರಿಂದ ಮಾತ್ರವಲ್ಲ. ಮಠಗಳಲ್ಲಿ, ಮನೆಗಳ ಜಗುಲಿಗಳಲ್ಲಿ, ಹೆಸರೇ ತಿಳಿಯದ ಲಿಪಿಕಾರರು ಗರಿಯಿಂದ ಗರಿಗೆ ಪ್ರತಿಮಾಡಿ ಹಂಚಿದುದರಿಂದ. ಒಂದೆಡೆ ಗೆದ್ದಲು ತಿಂದುದು ಇನ್ನೊಂದೆಡೆ ಉಳಿದಿತ್ತು. ಫ.ಗು. ಹಳಕಟ್ಟಿಯವರು ಅವನ್ನು ಊರೂರಿನಿಂದ ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಮುಂದೆ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಪ್ರತಿ ಮಾಡಿದವರಿಲ್ಲದಿದ್ದರೆ ಅರಸಿದವರಿಗೆ ಸಿಕ್ಕುವುದೇನಿತ್ತು?

ಹುಮನಾಬಾದಿನ ಆ ಶಿಕ್ಷಕರ ಬರಹಗಳಿಗೆ ಈಗ ಮೂರು ಪ್ರತಿಗಳಿವೆ. ಒಂದು ತಾಯಿಯವರ ಕಪಾಟಿನಲ್ಲಿ, ಒಂದು ಮಗಳ ಬಳಿ, ಒಂದು ಕಾಗದದ ಮೇಲೆ ಅಚ್ಚಾಗಿ ನಮ್ಮ ಬಳಿ. ಎಳ್ಳ ಅಮಾವಾಸ್ಯೆಯ ಕಡತಕೋಶ ಮಾತ್ರ ದೊರೆಯಲಿಲ್ಲ. ಹಾಡಿದವರು ಯಾರೆಂಬುದು ಅವರ ದಿನಚರಿಯಲ್ಲಿತ್ತು. ಮಗಳು ಆ ಹಳ್ಳಿಗಳಿಗೆ ಹೋಗಿ ವಿಚಾರಿಸಿದಳು. ನಾಲ್ವರಲ್ಲಿ ಇಬ್ಬರು ಈಗಿಲ್ಲ. ಉಳಿದಿಬ್ಬರ ಬಳಿ ಕುಳಿತು ಅವಳು ಮತ್ತೆ ಬರೆದುಕೊಳ್ಳುತ್ತಿದ್ದಾಳೆ. ಆ ಇಬ್ಬರು ಹಾಡಿದ್ದು ಹೋದ ಹಾಗೆಯೇ.

ಆದಕಾರಣ ವಾಚಕರಲ್ಲಿ ನಮ್ಮ ಪ್ರಾರ್ಥನೆಯಿಷ್ಟೆ. ನಿಮ್ಮ ಮನೆಯ ಹಿರಿಯರು ಬರೆದಿಟ್ಟುದು, ಹಾಡಿದುದು, ಕುಟುಂಬದ ವಂಶಾವಳಿ, ಊರಿನ ವೃತ್ತಾಂತ ಒಂದೇ ಯಂತ್ರದಲ್ಲಿ ಅಥವಾ ಒಂದೇ ಟ್ರಂಕಿನಲ್ಲಿ ಇದ್ದರೆ, ಈ ತಿಂಗಳೊಳಗೆ ಅದಕ್ಕೊಂದು ಪ್ರತಿಯನ್ನು ಮಾಡಿಸಿರಿ. ಯಂತ್ರ ಏಳದಿದ್ದರೆ ಅಳಿಸುವ ಮುನ್ನ ಪೆನ್‌ಡ್ರೈವಿನಿಂದ ಎಬ್ಬಿಸಿ ನೋಡಿರಿ. ನಿಮ್ಮ ಓಣಿಯಲ್ಲಿಯೂ ಈ ವಿದ್ಯೆಯನ್ನು ಬಲ್ಲ ತರುಣನೋ ತರುಣಿಯೋ ಇದ್ದೇ ಇರುತ್ತಾರೆ. ಕರೆದು ಒಂದು ಲೋಟ ಹಾಲು ಕೊಟ್ಟು ಕೇಳಿರಿ.